ಕೇಸು ಮಾಡದಿದ್ದರೆ ಕಾರಣವನ್ನಾದರೂ ಬರೆದು ಕೊಡಿ: ಉಡುಪಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ.

ಹಳ್ಳಿ ಠಾಣೆಗೆ ಬಂದ ಯಾವ ದೂರು ಕೇಸಾಗಬೇಕು, ಯಾವುದು ಮಾತಿನಲ್ಲೇ ಮುಗಿಯಬೇಕು ಅಂತ ನಮ್ಮ ಜಿಲ್ಲೆಯಲ್ಲಿ ದಿನಾ ಯಾರಾದರೊಬ್ಬರು ತೀರ್ಮಾನ ಮಾಡುತ್ತಾರೆ. ಹೆಚ್ಚಾಗಿ ಎಸ್‌ಐ. ಅವರು ಬಂದೋಬಸ್ತಿಗೆ ಹೋಗಿದ್ದರೆ ಎಎಸ್‌ಐ. ರಾತ್ರಿಯಾದರೆ ಠಾಣೆಯಲ್ಲಿರುವ ಹೆಡ್ ಕಾನ್‌ಸ್ಟೆಬಲ್. ಆ ತೀರ್ಮಾನದ ಮೇಲೆ ಒಂದು ಮನೆಯ ನೆಮ್ಮದಿ ನಿಂತಿರುತ್ತದೆ. ಆದರೆ ಯಾಕೆ ಕೇಸು ಮಾಡಿದರು, ಯಾಕೆ ಮಾಡಲಿಲ್ಲ ಅಂತ ಕೇಳಿದರೆ ತೋರಿಸಲು ಹೆಚ್ಚಿನ ಸಲ ಒಂದು ತುಂಡು ಕಾಗದವೂ ಇರುವುದಿಲ್ಲ. ಇದನ್ನು ಸರಿಪಡಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಘಟ್ಟದ ಬುಡದ ಒಂದು ಹಳ್ಳಿಯವಳು. ಸ್ವಲ್ಪ ಅಡಿಕೆ, ತೆಂಗು, ಕಾಳುಮೆಣಸು ಉಂಟು. ಒಂದು ಅವಧಿಗೆ ಗ್ರಾಮ ಪಂಚಾಯತ್ ಸದಸ್ಯೆಯಾಗಿದ್ದೆ. ಹಾಗಾಗಿ ಊರಿನವರು ಠಾಣೆಗೆ ಹೋಗುವಾಗ "ಅಕ್ಕ, ನೀವೊಮ್ಮೆ ಬನ್ನಿ" ಅಂತ ಈಗಲೂ ಕರೆಯುತ್ತಾರೆ. ಹೋಗುತ್ತೇನೆ. ಬೆಂಚಿನಲ್ಲಿ ಕೂತು ಕಾಯುತ್ತೇನೆ. ಮಹಜರಿಗೆ ಸಾಕ್ಷಿ ಸಹಿ ಹಾಕಿದ್ದೇನೆ. ಹಳ್ಳಿ ಠಾಣೆಯ ಪೊಲೀಸರು ಎಷ್ಟು ದುಡಿಯುತ್ತಾರೆ ಅಂತ ಅಲ್ಲಿ ಕೂತೇ ನೋಡಿದ್ದೇನೆ. ಬೆಳಿಗ್ಗೆ ಅಪಘಾತದ ಸ್ಥಳ, ಮಧ್ಯಾಹ್ನ ಕೋರ್ಟು, ಸಂಜೆ ಜಾತ್ರೆ, ರಾತ್ರಿ ಗಸ್ತು. ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ 112ರಿಂದ ಕರೆ. ಇಂಥವರಿಗೆ ಪ್ರತಿಯೊಂದಕ್ಕೂ ಕೇಸು ಹಾಕಿ ಅಂತ ಹೇಳುವವಳು ನಾನಲ್ಲ.

ಕೇಸು ಹಾಕದೆಯೂ ನ್ಯಾಯ ಮಾಡಬಹುದು. ಅದನ್ನು ನೋಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಹೈಸ್ಕೂಲ್ ಹುಡುಗನೊಬ್ಬ ತೋಟದ ಪಂಪ್ ಶೆಡ್ಡಿನಿಂದ ಕೇಬಲ್ ಕದ್ದು, ಸುಟ್ಟು, ತಾಮ್ರ ಮಾರಲು ಹೋಗಿ ಸಿಕ್ಕಿಬಿದ್ದ. ತೋಟದವರು ಕೆಂಡವಾಗಿದ್ದರು. ಆಗಿನ ಎಸ್‌ಐ ಹುಡುಗನ ತಾಯಿಯನ್ನೂ ಶಾಲೆಯ ಮಾಸ್ಟ್ರನ್ನೂ ಕರೆಸಿದರು. ಅವನನ್ನು ಠಾಣೆಯೊಳಗೆ ಕೂರಿಸಲಿಲ್ಲ. ಹೊರಗೆ ಮರದ ಕೆಳಗೆ ಕುರ್ಚಿ ಹಾಕಿಸಿ, ಯೂನಿಫಾರ್ಮ್ ಇಲ್ಲದೆ ಬಂದು, ಅವನ ಹತ್ತಿರ ಕೂತು ಮಾತಾಡಿದರು. ತಾಯಿ ಕೇಬಲಿನ ದುಡ್ಡನ್ನು ಕಂತಿನಲ್ಲಿ ಕೊಡುವುದೆಂದಾಯಿತು. ಇಷ್ಟೆಲ್ಲ ಆದ ಮೇಲೆ ಅವರು ಅದನ್ನು ಠಾಣೆಯ ಡೈರಿಯಲ್ಲಿ ಬರೆದು, ಬಾಲ ನ್ಯಾಯ ಮಂಡಳಿಗೆ ವರದಿ ಕಳಿಸಿದರು. ಅವರದು ದೊಡ್ಡ ಮನಸ್ಸು ನಿಜ. ಆದರೆ ಕಾನೂನು ಹೇಳುವುದೂ ಅದನ್ನೇ. 2016ರ ಬಾಲ ನ್ಯಾಯ ಮಾದರಿ ನಿಯಮಗಳ ಪ್ರಕಾರ ಮಗು ಘೋರ ಅಪರಾಧ ಮಾಡಿದ್ದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಎಫ್‌ಐಆರ್. ಉಳಿದದ್ದನ್ನು ಡೈರಿಯಲ್ಲಿ ಬರೆದು, ಮನೆಯ ಪರಿಸ್ಥಿತಿಯ ವರದಿ ಜೊತೆ ಮಂಡಳಿಗೆ ತಿಳಿಸಬೇಕು. ಆ ಹುಡುಗ ಐಟಿಐ ಮುಗಿಸಿ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತೋಟದವರಿಗೂ ಬೇಸರವಿಲ್ಲ, ಯಾಕೆಂದರೆ ಏನು ತೀರ್ಮಾನವಾಯಿತು, ಯಾಕಾಯಿತು ಅಂತ ಅವರಿಗೆ ಗೊತ್ತಿತ್ತು.

ಇನ್ನೊಂದು ಕಳ್ಳತನದ ವಿಷಯ ಹೇಳುತ್ತೇನೆ. ನಮ್ಮ ನೆರೆಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಇರುವುದು. ಮಕ್ಕಳು ಒಬ್ಬ ಬೆಂಗಳೂರು, ಒಬ್ಬ ಮುಂಬೈ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರು. ಒಂದು ಬೆಳಿಗ್ಗೆ ನೋಡಿದರೆ ಗೇಟಿನ ಪಕ್ಕದ ಮೂಲೆಯಲ್ಲಿ ಅಡಿಕೆ ಬಾಚಿ ತೆಗೆದ ಗುರುತು. ಮೇಲೆ ಹೊದಿಸಿದ ಬಲೆಯನ್ನು ಹರಿಯದೆ ಅಚ್ಚುಕಟ್ಟಾಗಿ ಮಡಚಿಟ್ಟಿದ್ದರು. ಕದ್ದವನಿಗೆ ಗಡಿಬಿಡಿಯೇ ಇರಲಿಲ್ಲ. ಎಲ್ಲವನ್ನೂ ಒಯ್ಯದೆ ಒಂದು ಚೀಲದಷ್ಟು ಮಾತ್ರ ತೆಗೆದಿದ್ದ. ಠಾಣೆಗೆ ಹೋದೆವು. ಬರೆದುಕೊಳ್ಳುವವರು ಕೇಳಿದರು, "ಎಷ್ಟು ಕಿಲೋ ಅಮ್ಮ?" ದೊಡ್ಡಮ್ಮ ಹೇಳಿದರು, "ತೂಕ ಮಾಡಿ ಯಾರಾದ್ರೂ ಬಿಸಿಲಿಗೆ ಹಾಕ್ತಾರಾ ಮಗಾ? ಒಂದು ಹತ್ತು ಕಿಲೋ ಇರಬಹುದು." ಅವರು ಮೊಬೈಲಿನಲ್ಲಿ ಲೆಕ್ಕ ಹಾಕಿದರು. "ಐದು ಸಾವಿರದ ಒಳಗೆ ಬರ್ತದೆ. ಎನ್‌ಸಿ ಆಗ್ತದೆ."

ಆ ಲೆಕ್ಕ ತಪ್ಪಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಿವೆ. ಮೊದಲು ಕಳ್ಳತನ ಎಷ್ಟೇ ಸಣ್ಣದಿರಲಿ, ಪೊಲೀಸರು ನೇರವಾಗಿ ಕೇಸು ಹಾಕಬಹುದಿತ್ತು. ಈಗ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಅಸಂಜ್ಞೇಯ ಅಪರಾಧದ ಪಟ್ಟಿಗೆ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧಗಳಿಗೆ ಸೇರಿಸಿದ್ದಾರೆ. ಠಾಣೆಯ ಮಾತಿನಲ್ಲಿ ಎನ್‌ಸಿ. ಮೊದಲ ಸಲ ಶಿಕ್ಷೆಯಾಗುವವನು ಕದ್ದದ್ದನ್ನು ಹಿಂದೆ ಕೊಟ್ಟರೆ ಜೈಲಿನ ಬದಲು ಸಮುದಾಯ ಸೇವೆ ಮಾಡಿ ಮನೆಗೆ ಹೋಗಬಹುದು. ಹೊಟ್ಟೆಗಿಲ್ಲದೆ ಕದ್ದವನ ಬದುಕು ಹಾಳಾಗಬಾರದು ಎನ್ನುವ ಉದ್ದೇಶ ನನಗೂ ಒಪ್ಪಿಗೆ. ಆದರೆ ಪೇಟೆಯವರಿಗೆ 5,000 ಅಂದರೆ ಬೇರೆ, ನಮಗೆ ಬೇರೆ. ಅಡಿಕೆಗೆ ಕಿಲೋಗೆ 400 ರೂಪಾಯಿ ಎಂದು ಹಿಡಿದರೆ 12 ಕಿಲೋದವರೆಗೆ ಎನ್‌ಸಿ. ಕಾಳುಮೆಣಸು 600 ಎಂದು ಹಿಡಿದರೆ 8 ಕಿಲೋ. ಒಂದು ಗೊನೆ ಬಾಳೆ, ಹತ್ತು ತೆಂಗಿನಕಾಯಿ, ಪಂಪಿನ ಫೂಟ್‌ವಾಲ್ವ್, ನಾಲ್ಕು ಊರಿನ ಕೋಳಿ, ಎಲ್ಲವೂ ಎನ್‌ಸಿ. ಹಳ್ಳಿಯ ಕಳ್ಳತನ ಎಂದರೆ ಹೆಚ್ಚಿನದು ಇದೇ ಅಲ್ವಾ? ಇದು ಕದಿಯುವವರಿಗೂ ಬೇಗ ಗೊತ್ತಾಗಿದೆ. ದೊಡ್ಡಮ್ಮನ ಅಂಗಳಕ್ಕೆ ಆ ಕೈ ಮತ್ತೆ ಬಂತು. ಪ್ರತಿ ಸಲವೂ ಒಂದು ಚೀಲದಷ್ಟೇ.

ಇನ್ನೂ ಒಂದು ವಿಷಯ ಉಂಟು. ಅದೇ ಅಡಿಕೆಯನ್ನು ಮನೆಯೊಳಗಿನಿಂದಲೋ ದಾಸ್ತಾನು ಕೋಣೆಯಿಂದಲೋ ಕದ್ದರೆ ಬೇರೆ ಕಲಂ. ವಾಸದ ಮನೆ ಅಥವಾ ಸೊತ್ತು ಇಡುವ ಕಟ್ಟಡದಿಂದ ಕದ್ದರೆ ನ್ಯಾಯ ಸಂಹಿತೆಯ 305ನೇ ಕಲಂ, 7 ವರ್ಷದವರೆಗೆ ಶಿಕ್ಷೆ, ಪೊಲೀಸರೇ ನೇರ ಕೇಸು ಮಾಡಬಹುದು. ಅಂಗಳದಲ್ಲಿ ಬಿಸಿಲು ಕಾಯುವ ಅಡಿಕೆಗೆ ಆ ರಕ್ಷಣೆ ಇಲ್ಲ. ಹಾಗಾಗಿ ಎಲ್ಲಿಂದ ಕದ್ದರು, ಎಷ್ಟು ಬೆಲೆ ಎಂದು ಠಾಣೆಯಲ್ಲಿ ಬರೆದುಕೊಳ್ಳುವವರ ಕೈಯಲ್ಲೇ ಅರ್ಧ ತೀರ್ಪು ಇದೆ. 12 ಕಿಲೋ ಬರೆದರೆ ಎನ್‌ಸಿ, 13 ಕಿಲೋ ಬರೆದರೆ ಕೇಸು. ಇಷ್ಟು ದೊಡ್ಡ ಅಧಿಕಾರ ಇಷ್ಟು ಸಣ್ಣ ಜಾಗದಲ್ಲಿ ಕೂತಿದೆ.

ಎನ್‌ಸಿ ಎಂದರೆ ಏನೂ ಮಾಡಬೇಕಾಗಿಲ್ಲ ಅಂತಲ್ಲ. ಸುರಕ್ಷಾ ಸಂಹಿತೆಯ 174ನೇ ಕಲಂ ಪ್ರಕಾರ ಅದನ್ನು ಪುಸ್ತಕದಲ್ಲಿ ಬರೆಯಬೇಕು, ದೂರು ಕೊಟ್ಟವರನ್ನು ಮ್ಯಾಜಿಸ್ಟ್ರೇಟರ ಹತ್ತಿರ ಹೋಗಲು ತಿಳಿಸಬೇಕು, 15 ದಿನಕ್ಕೊಮ್ಮೆ ಡೈರಿ ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅವರು ಆದೇಶ ಕೊಟ್ಟರೆ ಪೊಲೀಸರು ತನಿಖೆ ಮಾಡಬಹುದು. ಸೊಂಟನೋವಿನ ದೊಡ್ಡಮ್ಮ ಬಸ್ಸು ಹತ್ತಿ ಕೋರ್ಟಿಗೆ ಹೋಗಿ ಅರ್ಜಿ ಹಾಕುತ್ತಾರಾ? ಆಗುವ ಮಾತಲ್ಲ. ಆದರೆ ಮಟ್ಕಾ ಚೀಟಿ ಬರೆಯುವವನನ್ನು ಹಿಡಿಯುವಾಗ ಠಾಣೆಯವರೇ ಮ್ಯಾಜಿಸ್ಟ್ರೇಟರಿಗೆ ಪತ್ರ ಬರೆದು ಅನುಮತಿ ತರುತ್ತಾರೆ. ಅದೂ ಅಸಂಜ್ಞೇಯವೇ. ಮಟ್ಕಾಕ್ಕೆ ನಡೆಯುವ ಕಾಗದ ಅಡಿಕೆಗೆ ಯಾಕೆ ನಡೆಯಬಾರದು ಸರ್? ಒಂದೇ ಮನೆಯಿಂದ, ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಕಳವಾದರೆ ಆ ಎಲ್ಲ ಎನ್‌ಸಿಗಳನ್ನೂ ಒಟ್ಟಿಗೆ ಸೇರಿಸಿ ಠಾಣಾಧಿಕಾರಿಯೇ ಅನುಮತಿ ಕೇಳಲಿ. ಇದಕ್ಕೆ ಹೊಸ ಕಾನೂನೇನೂ ಬೇಡ. ನಿಮ್ಮದೊಂದು ಸುತ್ತೋಲೆ ಸಾಕು.

ಬೀಟ್ ಪೊಲೀಸ್ ಮೆಲ್ಲಗೆ ನನ್ನ ಹತ್ತಿರ ಹೇಳಿದ್ದರು, "ಯಾರು ಅಂತ ಅಂದಾಜು ಉಂಟು ಅಕ್ಕ. ಪ್ರೂಫ್ ಬೇಕಲ್ವಾ?" ನಿಜ, ಸಂಶಯದ ಮೇಲೆ ಯಾರನ್ನೂ ಎಳೆದು ತರಬಾರದು. ಆದರೆ ಕದ್ದ ಅಡಿಕೆಯನ್ನು ಯಾರೂ ತಿನ್ನುವುದಿಲ್ಲ, ಮಾರುತ್ತಾರೆ. ತೋಟವೇ ಇಲ್ಲದವನು ವಾರಕ್ಕೊಮ್ಮೆ ಹತ್ತು ಕಿಲೋ ಅಡಿಕೆ ತಂದರೆ ಕೊಳ್ಳುವವನಿಗೆ ಗೊತ್ತಾಗುವುದಿಲ್ವಾ? ಕಳವಿನ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಬೇರೆಯೇ ಅಪರಾಧ. ಬೀಟ್ ಪೊಲೀಸ್ ತಿಂಗಳಿಗೊಮ್ಮೆ ಅಡಿಕೆ, ಗುಜರಿ ಅಂಗಡಿಗೆ ಹೋಗಿ "ಯಾರಿಂದ ತಗೊಂಡಿರಿ, ಹೆಸರು ಬರೆದಿದ್ದೀರಾ?" ಅಂತ ಕೇಳಿದರೆ ಸಾಕು, ಅರ್ಧ ಕಳ್ಳತನ ನಿಲ್ಲುತ್ತದೆ ಅಂತ ನನ್ನ ನಂಬಿಕೆ. ಹಸಿವಿಗೋ ಕುಡಿತಕ್ಕೋ ಕದಿಯುವ ಹುಡುಗನಿಗೆ ಕರುಣೆ ತೋರಿಸಿ, ಬೇಡ ಅನ್ನುವುದಿಲ್ಲ. ಗೊತ್ತಿದ್ದೂ ಅರ್ಧ ಬೆಲೆಗೆ ಕೊಳ್ಳುವವನಿಗೆ ಆ ಕರುಣೆ ಬೇಡ.

ಹಳ್ಳಿಯವರಿಗೆ ಎಲ್ಲಕ್ಕಿಂತ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ದೂರು ಏನು ಎನ್ನುವುದಕ್ಕಿಂತ ಜೊತೆಗೆ ಯಾರು ಬಂದಿದ್ದಾರೆ ಎನ್ನುವುದು ಠಾಣೆಯಲ್ಲಿ ಜಾಸ್ತಿ ನಡೆಯುತ್ತದೆ.

ದಾರಿ ತಕರಾರು ನೋಡಿ. ನಮ್ಮ ಕಡೆ ಜಾಗದ ಜಗಳಕ್ಕೆ ಕೊನೆ ಇಲ್ಲ. ವರ್ಗ, ಕುಮ್ಕಿ, ಪೊರಂಬೋಕು ಅಂತ ಜಾಗದಲ್ಲೇ ಬೇರೆ ಬೇರೆ ಬಗೆ, ಅದರ ಮಧ್ಯೆ ಹಿಂದಿನ ಕಾಲದ ಕಾಲುದಾರಿ. ಒಬ್ಬರು ಬೇಲಿ ಹಾಕುತ್ತಾರೆ, ಇನ್ನೊಬ್ಬರು ಕೀಳುತ್ತಾರೆ. ಬಡವರು ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂಬ ಉತ್ತರ. ಜಾಗ ಯಾರದ್ದು ಎನ್ನುವುದು ಸಿವಿಲ್, ಒಪ್ಪುತ್ತೇನೆ. ಆದರೆ ಬೇಲಿಯ ಹತ್ತಿರ ಕತ್ತಿ ತೋರಿಸಿ ಹೆದರಿಸಿದ್ದು, ಹೆಂಗಸಿನ ಕೈ ತಿರುಚಿದ್ದು ಸಿವಿಲ್ಲಾ? ಅದೇ ಜಗಳದಲ್ಲಿ ಎದುರಿನವರ ಪರವಾಗಿ ಮುಖಂಡರೊಬ್ಬರು ಫೋನ್ ಮಾಡಿದರೆ ಮರುದಿನ ಜೆಸಿಬಿ ಕೆಲಸ ಮಾಡುವಾಗ ಪೊಲೀಸ್ ಜೀಪು ಪಕ್ಕದಲ್ಲೇ ನಿಂತಿರುತ್ತದೆ. ನಮ್ಮ ಕಡೆಯ ಒಂದು ಠಾಣೆಯಲ್ಲಿ ನಾನೇ ಜೊತೆಗೆ ಹೋದ ದೂರಿನಲ್ಲಿ ಹೀಗಾಯಿತು. ಠಾಣೆಯ ಹೆಸರು ಇಲ್ಲಿ ಬೇಡ, ಯಾಕೆಂದರೆ ಇದು ಒಂದೇ ಠಾಣೆಯ ರೋಗವಲ್ಲ.

ದನದ ವಿಷಯವನ್ನೂ ಬಿಡದೆ ಹೇಳಬೇಕು. ಹಟ್ಟಿಯಿಂದ ಹಸು ಕಳವಾದರೆ ಅದು ಕಳ್ಳತನ. ಕದ್ದವರು ಯಾರೇ ಆಗಿರಲಿ, ಹಿಡಿಯಬೇಕು. ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವ ಮನೆಗೆ ಒಂದು ಹಸು ಹೋದರೆ ಅರ್ಧ ಸಂಬಳ ಹೋದ ಹಾಗೆ. ಆದರೆ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಎಸ್‌ಐ ಮತ್ತು ಮೇಲಿನ ದರ್ಜೆಯ ಪೊಲೀಸರಿಗೆ ತಪಾಸಣೆಯ ಅಧಿಕಾರ ಕೊಟ್ಟಿದೆ, ರಾತ್ರಿ ರಸ್ತೆಯಲ್ಲಿ ನಿಂತ ಹುಡುಗರಿಗೆ ಕೊಟ್ಟಿಲ್ಲ. ವಾಹನ ತಡೆದು ಚಾಲಕನಿಗೆ ಹೊಡೆದವರ ಮೇಲೂ ಅಷ್ಟೇ ಬೇಗ ಕೇಸಾಗಬೇಕು. ದನ ಕಳಕೊಂಡ ಮನೆಯವರು ಒಬ್ಬರೇ ಬಂದರೆ "ನೋಡುವ", ಅದಕ್ಕೇ ನೂರು ಜನ ಠಾಣೆ ಎದುರು ಕೂತರೆ ಅರ್ಧ ಗಂಟೆಯಲ್ಲಿ ಎಫ್‌ಐಆರ್. ಇದನ್ನು ನೋಡಿ ಊರಿನ ಹುಡುಗರು ಏನು ಕಲಿಯುತ್ತಾರೆ? ಜನ ಸೇರಿಸಿದರೆ ಮಾತ್ರ ಕೆಲಸ ಆಗುತ್ತದೆ ಅಂತ. ಕರಾವಳಿಗೆ ಈಗ ಇದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ.

ಜನ ತಾವೇ ನ್ಯಾಯ ಮಾಡಲು ಹೊರಟರೆ ಏನಾಗುತ್ತದೆ ಅಂತ 2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ಇಡೀ ರಾಜ್ಯ ನೋಡಿತು. ಮೀನು ಕದ್ದಳು ಎಂದು ಒಬ್ಬ ಹೆಂಗಸನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ಜನ ನಿಂತಿದ್ದರು. ವಿಡಿಯೊ ಹರಡಿದ ಮೇಲೆ ಬಂಧನಗಳಾದವು. ಕದ್ದಿದ್ದರೂ ಎಷ್ಟು ಬೆಲೆಯ ಮೀನು ಅದು? ಕಾನೂನಿನ ಪುಸ್ತಕದಲ್ಲಿ ಆ ಕಳವು ತೀರಾ ಸಣ್ಣದು, ಆ ಹೊಡೆತ ದೊಡ್ಡ ಅಪರಾಧ. ಊರಿನ ಕಣ್ಣಿಗೆ ಅವತ್ತು ಅದು ತಿರುಗಾಮುರುಗಾ ಕಂಡಿತು. ಸಣ್ಣ ಕಳವಿಗೆ ಠಾಣೆಯಲ್ಲಿ ಸರಿಯಾದ ದಾರಿ ಇದೆ ಎಂದು ಜನರಿಗೆ ಗಟ್ಟಿಯಾಗಿ ಗೊತ್ತಿದ್ದರೆ ಮರ ಹುಡುಕುವವರು ಕಡಿಮೆಯಾಗುತ್ತಾರೆ. ಹೊಡೆದವರಿಗೆ ಇದು ನೆಪವಾಗಬಾರದು. ಆ ಹೆಂಗಸಿಗೆ ಆದ ಅವಮಾನಕ್ಕೆ ಯಾವ ನೆಪವೂ ಇಲ್ಲ.

ಹಾಗೆಯೇ 2021ರ ಡಿಸೆಂಬರ್. ಕೋಟತಟ್ಟುವಿನಲ್ಲಿ ಕೊರಗ ಬುಡಕಟ್ಟಿನವರ ಕಾಲನಿಯಲ್ಲಿ ಮದುವೆಯ ಮೆಹಂದಿ ರಾತ್ರಿ. ಡಿಜೆ ಶಬ್ದ ಜೋರಾಯಿತು ಎಂಬ ದೂರಿಗೆ ಹೋದ ಪೊಲೀಸರು ಮದುಮಗನಿಗೂ ನೆಂಟರಿಗೂ ಲಾಠಿಯಿಂದ ಹೊಡೆದರು ಎಂಬ ಆರೋಪ ಬಂತು. ಎಸ್‌ಐ ಅಮಾನತಾದರು, ಪ್ರಕರಣ ಸಿಐಡಿಗೆ ಹೋಯಿತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಎನ್ನುವ ನಿಯಮ 2000ನೇ ಇಸವಿಯಿಂದ ಇದೆ. ಅದನ್ನು ಪಾಲಿಸಲು ಹೇಳುವುದು ಪೊಲೀಸರ ಕೆಲಸವೇ. ಆದರೆ ಅದೇ 10 ಗಂಟೆ ದಾಟಿದ ಮೇಲೆ ದೊಡ್ಡವರ ಮದುವೆ ಹಾಲ್‌ನಲ್ಲಿ ಮೈಕ್ ಕೂಗುತ್ತಿದ್ದರೆ ಪೊಲೀಸರು ಹೊರಗೆ ನಿಂತು ಮ್ಯಾನೇಜರನ್ನು ಕರೆದು ಮೆಲ್ಲಗೆ ಹೇಳುತ್ತಾರೆ. ನಾನು ನೋಡಿದ್ದೇನೆ. ಮೆಲ್ಲಗೆ ಹೇಳುವುದು ಸರಿಯಾದ ಕ್ರಮ. ಅದು ಕಾಲನಿಯವರಿಗೂ ಸಿಗಲಿ.

ಕೋಳಿ ಅಂಕದ, ಅಂದರೆ ಕೋಳಿ ಕಾಳಗದ ಮೇಲಿನ ದಾಳಿಯೂ ಇದೇ ಜಾತಿಯದ್ದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಗುಡ್ಡೆಯ ಬದಿಯಲ್ಲಿ ಸೇರಿದ ಏಳೆಂಟು ಕೂಲಿಯವರು ಸಿಕ್ಕಿಬೀಳುತ್ತಾರೆ, ಪತ್ರಿಕೆಯಲ್ಲಿ ಹುಂಜಗಳ ಲೆಕ್ಕ ಬರುತ್ತದೆ. ಲಕ್ಷಗಟ್ಟಲೆ ಬಾಜಿ ನಡೆಯುವ ಕಡೆ ಯಾವಾಗ ಹೋಗುತ್ತಾರೆ, ಯಾವಾಗ ಹೋಗುವುದಿಲ್ಲ ಅಂತ ಊರಿಗೆಲ್ಲ ಗೊತ್ತು.

ಮರಳು, ಕೆಂಪುಕಲ್ಲಿನ ಟಿಪ್ಪರ್‌ಗಳದ್ದು ದೊಡ್ಡ ಕಥೆ. ರಾತ್ರಿ ಹೊಳೆಯ ಬದಿಯಿಂದ ಫೋನ್ ಮಾಡಿದರೆ "ಅದು ಗಣಿ ಇಲಾಖೆಗೆ ಬರ್ತದೆ" ಎಂಬ ಉತ್ತರ ಸಿಗುತ್ತದೆ. ಗಣಿ ಕಾಯ್ದೆಯ ಅಪರಾಧಕ್ಕೆ ಆ ಇಲಾಖೆಯ ದೂರೇ ಬೇಕು, ಸರಿ. ಆದರೆ ಹೊಳೆಯಿಂದ ಮರಳು ಕದಿಯುವುದು ಕಳ್ಳತನವೂ ಹೌದು, ಅದಕ್ಕೆ ಪೊಲೀಸರೇ ಕೇಸು ಹಾಕಬಹುದು ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮತ್ತೊಂದು ಕಡೆ, ಮನೆ ಕಟ್ಟಲು ಒಂದು ಪಿಕಪ್ ಮರಳು ತಂದ ಬಡವನ ಗಾಡಿ ತಿಂಗಳುಗಟ್ಟಲೆ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ಈ ಎರಡರ ಮಧ್ಯೆ ವ್ಯತ್ಯಾಸ ನೋಡುವ ಕಣ್ಣು ಠಾಣಾಧಿಕಾರಿಗೆ ಇರಬೇಕು. ನೋಡಿದ ಮೇಲೆ ಅದನ್ನು ಬರೆದಿಡುವ ಧೈರ್ಯವೂ ಬೇಕು.

ವಿವೇಚನೆ ಬಳಸಲೇಬೇಕಾದ ಜಾಗದಲ್ಲಿ ಬಳಸದಿರುವುದೂ ಉಂಟು. ಚುನಾವಣೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಗಳನ್ನೆಲ್ಲ ಠಾಣೆಗೆ ತಂದಿಡಿ ಅಂತ ಹೇಳುತ್ತಾರೆ. ಚುನಾವಣಾ ಆಯೋಗ ಹೇಳುವುದು ಪರವಾನಗಿದಾರರನ್ನು ಪರಿಶೀಲಿಸಿ, ಜಾಮೀನಿನ ಮೇಲಿರುವವರು, ಹಿಂದೆ ಗಲಭೆ ಮಾಡಿದವರು ಇಂಥವರನ್ನು ಗುರುತಿಸಿ ಅಂತ. ಜೀವಮಾನದಲ್ಲಿ ಒಂದು ಕೇಸೂ ಇಲ್ಲದ ಎಪ್ಪತ್ತರ ಅಜ್ಜನ ಕೋವಿ ಠೇವಣಿ ಇಟ್ಟುಕೊಂಡು, ಅಷ್ಟು ದಿನ ಮಂಗ, ಹಂದಿಗೆ ತೋಟ ಬಿಟ್ಟುಕೊಡುವುದು ಯಾರಿಗೆ ಲಾಭ?

ಊರಿನವರಿಗೂ ಒಂದು ಮಾತು ಹೇಳಬೇಕು, ಇದು ಬಹಿರಂಗ ಪತ್ರವಾದ್ದರಿಂದ. ಆರೋಪಿಗೆ ನೋಟಿಸ್ ಕೊಟ್ಟು ಕಳಿಸಿದರೆ "ದುಡ್ಡು ತಿಂದು ಬಿಟ್ರು" ಅಂತ ಹೇಳುತ್ತೇವೆ. ಎಲ್ಲ ಸಲವೂ ಹಾಗಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸಬಾರದು, ಬಂಧಿಸಿದರೆ ಕಾರಣ ಬರೆಯಬೇಕು ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗ ಸುರಕ್ಷಾ ಸಂಹಿತೆಯ 35ನೇ ಕಲಂ ಇನ್ನೂ ಮುಂದೆ ಹೋಗಿದೆ. 60 ದಾಟಿದವರನ್ನು, ತೀರಾ ಅಶಕ್ತರನ್ನು 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಬಂಧಿಸಲು ಡಿವೈಎಸ್‌ಪಿ ಅನುಮತಿ ಬೇಕು. ಪೊಲೀಸರು ಇದನ್ನು ದೂರುದಾರರಿಗೆ ಎರಡು ಮಾತಿನಲ್ಲಿ ಹೇಳಿದರೆ ಎಷ್ಟೋ ಅನುಮಾನ ಅಲ್ಲೇ ಕರಗುತ್ತದೆ. ಹೇಳುವುದಿಲ್ಲ, ಅದೇ ಬೇಸರ.

ಈಗ ನನ್ನ ಬೇಡಿಕೆ. ಮುಖ್ಯವಾದದ್ದು ಒಂದೇ. ಠಾಣೆಗೆ ಬಂದ ಪ್ರತಿಯೊಂದು ದೂರಿಗೂ ಹಿಂಬರಹ, ಅಂದರೆ ಬರವಣಿಗೆಯ ಉತ್ತರ ಕೊಡಿ. ಕೇಸಾದರೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕೆಂದು ಕಾನೂನೇ ಇದೆ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಎರಡು ಸಾಲು. ಎನ್‌ಸಿಯಾ, ಸಿವಿಲ್ಲಾ, ರಾಜಿಯಾ, ಯಾವ ಕಲಂ, ಬೆಲೆ ಎಷ್ಟು ಹಿಡಿದಿರಿ, ಕೆಳಗೆ ಹೆಸರು, ಸಹಿ. ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ. ದೂರಿನಲ್ಲೇ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರೇ ನೇರ ಕೇಸು ಮಾಡಬಹುದಾದ ಅಪರಾಧ ಕಂಡರೆ ಎಫ್‌ಐಆರ್ ಹಾಕಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ. ಸುರಕ್ಷಾ ಸಂಹಿತೆಯ 173ನೇ ಕಲಂ 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಕೊಟ್ಟಿದೆ. ಆ 14 ದಿನ ಕಳೆದ ಮೇಲೆ ಏನಾಯಿತು ಅಂತ ದೂರುದಾರರಿಗೆ ತಿಳಿಯುವುದೇ ಇಲ್ಲ. ಠಾಣೆಯಲ್ಲಿ ತಿರಸ್ಕರಿಸಿದರೆ ನಿಮಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು ಎಂದು ಅದೇ ಕಲಂ ಹೇಳುತ್ತದೆ. ಆದರೆ "ತಿರಸ್ಕರಿಸಿದರು" ಅಂತ ತೋರಿಸುವುದಾದರೂ ಹೇಗೆ? ಕೈಯಲ್ಲಿ ಕಾಗದವೇ ಇಲ್ಲವಲ್ಲ. ಬರೆದು ಕೊಡುವ ಕಾಗದ ಪೊಲೀಸರನ್ನೂ ಕಾಪಾಡುತ್ತದೆ. ಮುಖಂಡರ ಫೋನ್ ಬಂದಾಗ "ನಾನು ಹೀಗೆ ಬರೆದಾಗಿದೆ ಸಾರ್, ಬದಲಿಸಲು ಆಗುವುದಿಲ್ಲ" ಅಂತ ಒಬ್ಬ ಪ್ರಾಮಾಣಿಕ ಎಸ್‌ಐಗೆ ಹೇಳಲು ಆಗುತ್ತದೆ.

ಠಾಣೆಯಲ್ಲಿ ರಾಜಿ ಮಾಡಿಸುವುದು ಬೇಡವೇ ಬೇಡ ಅಂತ ಕಾನೂನು ಬಲ್ಲ ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅಣ್ಣತಮ್ಮಂದಿರ ನೀರಿನ ಜಗಳಕ್ಕೆ ಎಫ್‌ಐಆರ್ ಹಾಕಿದರೆ ಮುಂದಿನ ಹತ್ತು ವರ್ಷ ಎರಡೂ ಮನೆ ಕೋರ್ಟಿಗೆ ಅಲೆಯುತ್ತವೆ. ಆದರೆ ಮುಚ್ಚಳಿಕೆ ಬರೆಸಿಕೊಂಡರೆ ಎರಡೂ ಕಡೆಯವರಿಗೆ ಪ್ರತಿ ಕೊಡಿ. ಈಗ ಅದು ಠಾಣೆಯ ಫೈಲಿನಲ್ಲೇ ಉಳಿಯುತ್ತದೆ. ಎಸ್‌ಐ ವರ್ಗವಾಗುತ್ತಾರೆ, ಹೊಸಬರಿಗೆ ಏನೂ ಗೊತ್ತಿರುವುದಿಲ್ಲ, ಜಗಳ ಮೊದಲಿನಿಂದ ಶುರು. ಇನ್ನು ಹೆಂಡತಿಗೆ ಹೊಡೆದದ್ದು, ಮಕ್ಕಳ ಮೇಲಿನ ದೌರ್ಜನ್ಯ, ಜಾತಿ ದೌರ್ಜನ್ಯ, ಇವು ರಾಜಿಯ ಬೆಂಚಿಗೆ ಬರಲೇಬಾರದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಂ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆಯೇ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. "ಊರಿನವರಲ್ವಾ, ಮಾತಾಡಿ ಮುಗಿಸುವ" ಎಂಬ ಮಾತು ಅಲ್ಲಿ ಸಲ್ಲದು.

ಬೀಟ್ ಪೊಲೀಸರನ್ನು ಬೇಗ ಬೇಗ ಬದಲಿಸಬೇಡಿ. 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದಾಗ ಊರಿಗೊಬ್ಬ ಗುರುತಿನ ಪೊಲೀಸ್ ಸಿಕ್ಕಿದರು. 2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಘಟ್ಟದ ಬುಡದ ನಮ್ಮಂಥ ಊರುಗಳಿಗೆ ಇದರ ಬೆಲೆ ಜಾಸ್ತಿ. 2003ರಲ್ಲಿ ಈದುವಿನಲ್ಲಿ ನಕ್ಸಲರ ಎನ್‌ಕೌಂಟರ್ ಆಯಿತು, 2024ರ ನವೆಂಬರ್‌ನಲ್ಲಿ ಕಬ್ಬಿನಾಲೆಯಲ್ಲಿ ಮತ್ತೊಂದು. ಇಷ್ಟು ವರ್ಷ ನಮ್ಮ ಕಾಡಂಚಿನ ಮನೆಗಳಿಗೆ ಪೊಲೀಸರು ಬಂದರೆ ಮೊದಲು ಹೆದರಿಕೆ, ಆಮೇಲೆ ಮಾತು. ಆ ಹೆದರಿಕೆ ಕಳೆಯಲು ಒಂದೇ ಮುಖವನ್ನು ವರ್ಷಗಟ್ಟಲೆ ನೋಡಬೇಕು. ಯಾರ ಮನೆಯಲ್ಲಿ ಗಂಡ ಕುಡಿದು ಹೊಡೆಯುತ್ತಾನೆ, ಯಾವ ಮನೆಗೆ ಬೀಗ ಬಿದ್ದಿದೆ, ಯಾವ ಅಜ್ಜಿಗೆ ಮುಂಬೈಯಿಂದ ಪೊಲೀಸ್ ಅಂತ ಸುಳ್ಳು ವಿಡಿಯೊ ಕರೆ ಬಂದಿದೆ ಎನ್ನುವುದು ಅಂಥವರಿಗೆ ಮಾತ್ರ ತಿಳಿಯುತ್ತದೆ. ಕೇಸು ಹಾಕಬೇಕೋ ಬೇಡವೋ ಅಂತ ಸರಿಯಾಗಿ ಹೇಳಬಲ್ಲವರೂ ಅವರೇ. ತೀರ್ಮಾನ ಮಾಡುವಾಗ ಎಸ್‌ಐ ಅವರನ್ನು ಕೇಳಲಿ, ಅವರು ಹೇಳಿದ್ದನ್ನೂ ಬರೆದಿಡಲಿ.

ಕೊನೆಯದಾಗಿ, ನವೆಂಬರ್ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತದೆ. ಅದಕ್ಕೆ ಮೊದಲು ಪ್ರತಿ ಹಳ್ಳಿ ಠಾಣೆಯಲ್ಲಿ ಬೆಳೆಗಾರರು, ಅಡಿಕೆ ಕೊಳ್ಳುವವರು, ಗುಜರಿ ಅಂಗಡಿಯವರು ಎಲ್ಲರನ್ನೂ ಕೂರಿಸಿ ಒಂದು ಸಭೆ ಮಾಡಿ. ಪರಿಶಿಷ್ಟರ ಕುಂದುಕೊರತೆ ಸಭೆ ಠಾಣೆಗಳಲ್ಲಿ ನಡೆಯುತ್ತದೆ, ಅದೇ ರೀತಿ. 5,000ದ ನಿಯಮ ಏನು, ಎನ್‌ಸಿ ಆದರೆ ಮುಂದೇನು, ಒಣಗಲು ಹಾಕುವ ಮೊದಲು ಚೀಲದ ಲೆಕ್ಕ ಬರೆದಿಟ್ಟರೆ ಅದನ್ನು ಒಪ್ಪುತ್ತೀರಾ ಅಂತ ಅಲ್ಲೇ ಹೇಳಿ. ನಮ್ಮ ಪಂಚಾಯತಿಗೆ ಬರುವುದಾದರೆ ಕುರ್ಚಿ, ಚಹಾ ನಮ್ಮದು. ಬರಲು ಆಗದಿದ್ದರೆ ಹಿಂಬರಹದ ಬಗ್ಗೆ ನಿಮ್ಮ ತೀರ್ಮಾನವನ್ನು ಪತ್ರಿಕಾ ಪ್ರಕಟಣೆಯಲ್ಲಿ ತಿಳಿಸಿ. ಕೊಡುತ್ತೀರಿ ಎಂದಾದರೆ ಯಾವ ತಾರೀಖಿನಿಂದ, ಕೊಡುವುದಿಲ್ಲ ಎಂದಾದರೆ ಯಾಕೆ ಎಂದು ಅದರಲ್ಲಿ ಇರಲಿ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಅಡಿಕೆ ಬೆಳೆಗಾರ್ತಿ